ಅಕ್ಷತೆ ಇಲ್ಲದ ಕ್ವಾಲಿಟಿ

"ಕ್ಲಾರಿಟಿ ಇಲ್ಲ ಮಾರಾಯ."

ಮೂರು ವಾರದ ನನ್ನ ದುಡಿಮೆಗೆ ಸಿಕ್ಕ ಕೂಲಿ ಇದು. ಹೇಳಿದವರು ನನ್ನ ಚಿಕ್ಕಪ್ಪ. ಮೊನ್ನೆ ಭಾನುವಾರ, ತೀರ್ಥಹಳ್ಳಿ ಹತ್ತಿರದ ಅವರ ಮನೆಯಲ್ಲಿ, ಟಿವಿಯಿಂದ ಒಂದು ಗೇಣು ದೂರಕ್ಕೆ ಮೂಗು ಒಯ್ದು ಹೇಳಿದರು. ಇವತ್ತು ಬುಧವಾರ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಶುರುವಾಗಿದ್ದು ಅವರ ಮಗಳ ಮದುವೆಯಿಂದ. ಮದುವೆಯಾಗಿ ಐದು ತಿಂಗಳಾಯಿತು. ವಿಡಿಯೋದವರು ಪೆನ್‌ಡ್ರೈವ್ "ಆಮೇಲೆ ಕೊಡ್ತೀವಿ" ಅಂದಿದ್ದರು. ಆ ಆಮೇಲೆ ಇನ್ನೂ ಬಂದಿಲ್ಲ. ಕೊನೆಗೆ ಒಂದು ದಿನ, "ನಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಫೋರ್‌ಕೆನಲ್ಲೇ ಹಾಕಿದೀವಿ ಸಾರ್, ನೀವೇ ಡೌನ್‌ಲೋಡ್ ಮಾಡ್ಕೊಂಬಿಡಿ" ಎಂದು ಕೈ ತೊಳೆದುಕೊಂಡರು. ಚಿಕ್ಕಪ್ಪನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ಒಣಹಾಕುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅದೂ ಮಳೆ ಬರದಿದ್ದರೆ. ಹಾಗಾಗಿ ಫೋನ್ ಬೆಂಗಳೂರಿಗೆ ಬಂತು. ನಮ್ಮ ಕುಟುಂಬದಲ್ಲಿ ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ ಎಂದು ಎಲ್ಲರ ನಂಬಿಕೆ. ನಾನು ಮಾಡುವುದು ಲೆಕ್ಕ ಬರೆಯುವ ಕೆಲಸ. ಅದನ್ನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಅನ್ನುವುದಷ್ಟೇ ನನ್ನ ಅರ್ಹತೆ.

"ಒಳ್ಳೆ ಕ್ವಾಲಿಟೀದೇ ಇಳಿಸು. ಗೊರಬಲು ಕಳಿಸ್ಬೇಡ" ಅಂದರು ಚಿಕ್ಕಪ್ಪ.

ಶಿವಮೊಗ್ಗದ ಮಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಗೆ ದರ್ಜೆ ಇರುತ್ತದೆ. ಮೇಲಿನ ತುದಿಯಲ್ಲಿ ಸರಕು, ಕೆಳಗಿನ ತುದಿಯಲ್ಲಿ ಗೊರಬಲು. ನಲವತ್ತು ವರ್ಷ ಅಡಿಕೆಯನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ ಮನುಷ್ಯ ಅವರು. ಈಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಹಾಗೇ ಹೊರಳಿಸಿ ನೋಡುತ್ತಾರೆ. ನೋಡಿದ ಮೇಲೆ ಬರುವ ತೀರ್ಪು ಒಂದೇ: ಕ್ಲಾರಿಟಿ. ಪಂಚಾಂಗದ ಅಚ್ಚಿಗೆ ಕ್ಲಾರಿಟಿ ಇಲ್ಲ. ದೇವಸ್ಥಾನದ ಮೈಕಿಗೆ ಕ್ಲಾರಿಟಿ ಇಲ್ಲ. ಡಾಕ್ಟರ ಮಾತಿಗೆ ಕ್ಲಾರಿಟಿ ಇಲ್ಲ. ಚಿಕ್ಕಮ್ಮನ ಕಾಫಿಗೂ ಒಮ್ಮೊಮ್ಮೆ ಇರುವುದಿಲ್ಲ. ಅಳಿಯನನ್ನು ಒಪ್ಪಿದ್ದು ಜಾತಕ ನೋಡಿ ಅಲ್ಲ, ಜಾತಕದ ಜೊತೆ ಬಂದ ಫೋಟೊದ ಕ್ಲಾರಿಟಿ ನೋಡಿ ಅನ್ನುವುದು ಚಿಕ್ಕಮ್ಮನ ಆರೋಪ.

ಸರಿ, ಇಳಿಸಲು ಕೂತೆ. ಆಫೀಸಿನ ಹುಡುಗನೊಬ್ಬ ವೈಟಿ-ಡಿಎಲ್‌ಪಿ ಎಂಬ, ವಿಡಿಯೋ ಇಳಿಸುವ ಪ್ರೋಗ್ರಾಂ ಹಾಕಿಕೊಟ್ಟಿದ್ದ. ಇದರಲ್ಲಿ ಬಟನ್ ಇಲ್ಲ, ಬಣ್ಣದ ಚಿತ್ರ ಇಲ್ಲ. ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಬೇಕು. ದೊಡ್ಡ ಎಫ್ ಒತ್ತಿದರೆ ಪಟ್ಟಿ ತೋರಿಸುತ್ತದೆ, ಸಣ್ಣ ಎಫ್ ಒತ್ತಿ ನಂಬರ್ ಕೊಟ್ಟರೆ ಇಳಿಸುತ್ತದೆ. ದೊಡ್ಡ ಎಫ್ ಒತ್ತಿದೆ. ಪರದೆ ತುಂಬಾ ನಂಬರು! 137, 248, 399, 313, 140, 251. ಮೆಜೆಸ್ಟಿಕ್‌ನಲ್ಲಿ ನಿಂತು ನನ್ನ ಬಸ್ ಯಾವುದು ಎಂದು ಹುಡುಕುವ ಹಾಗಾಯಿತು. 137, 248, 399 ಮೂರೂ 1080ಪಿಯೇ, ಅಂದರೆ ಎತ್ತರಕ್ಕೆ 1080 ಚುಕ್ಕಿಯ ಚಿತ್ರ. ಒಂದನ್ನು ಎಚ್ 264 ಎಂಬ ವಿಧಾನದಲ್ಲಿ ಕುಗ್ಗಿಸಿ ಕಟ್ಟಿದ್ದಾರೆ, ಇನ್ನೊಂದನ್ನು ವಿಪಿ 9ನಲ್ಲಿ, ಮತ್ತೊಂದನ್ನು ಎವಿ 1ನಲ್ಲಿ. ಅಕ್ಕಿ ಒಂದೇ, ಚೀಲ ಬೇರೆ. ಎಲ್ಲಕ್ಕಿಂತ ದೊಡ್ಡದು 313, ಅದು ಫೋರ್‌ಕೆ. ಮೂರು ಗಂಟೆ ಹತ್ತು ನಿಮಿಷದ ಮದುವೆಗೆ 21 ಜಿಬಿ. ಚಿಕ್ಕಪ್ಪನಿಗೆ ಸರಕೇ ಬೇಕಲ್ಲ? ರಾತ್ರಿ ಹಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಎರಡು ಫೈಲು. ಒಂದರಲ್ಲಿ ಎಲ್ಲರೂ ಬಾಯಿ ಆಡಿಸುತ್ತಾರೆ, ಸದ್ದಿಲ್ಲ. ಇನ್ನೊಂದರಲ್ಲಿ ವಾದ್ಯ ಮೊಳಗುತ್ತದೆ, ಜನ ಇಲ್ಲ. ದೊಡ್ಡ ಕ್ವಾಲಿಟಿಗಳಲ್ಲಿ ಚಿತ್ರವನ್ನೂ ಸದ್ದನ್ನೂ ಬೇರೆ ಬೇರೆ ಇಟ್ಟಿರುತ್ತಾರಂತೆ. ಎಫ್ಎಫ್ ಎಂಪೆಗ್ ಎಂಬ ಇನ್ನೊಂದು ಪ್ರೋಗ್ರಾಂ ಬಂದು ಅವೆರಡನ್ನೂ ಜೋಡಿಸಬೇಕು. ಅದು ನನ್ನಲ್ಲಿ ಇರಲಿಲ್ಲ. ಹಾಗಾಗಿ ಮಾಂಗಲ್ಯ ಒಂದು ಫೈಲಿನಲ್ಲಿ, ಮಂತ್ರ ಇನ್ನೊಂದರಲ್ಲಿ. ಇಂಥ ಮದುವೆ ಊರ್ಜಿತವಾಗುತ್ತದೋ ಇಲ್ಲವೋ ಪುರೋಹಿತರನ್ನೇ ಕೇಳಬೇಕಿತ್ತು.

ಹೇಗೋ ಗಂಟು ಹಾಕಿದೆ. ಪೆನ್‌ಡ್ರೈವಿಗೆ ಹಾಕಲು ಹೋದರೆ ಫೈಲು ತುಂಬಾ ದೊಡ್ಡದು ಅಂತು. 32 ಜಿಬಿ ಪೆನ್‌ಡ್ರೈವ್, ಪೂರ್ತಿ ಖಾಲಿ. 21 ಹಿಡಿಸುವುದಿಲ್ಲವಾ? ಹಿಡಿಸುವುದಿಲ್ಲ, ಯಾಕೆಂದರೆ ಅದರಲ್ಲಿ ಫೈಲು ಜೋಡಿಸುವ ಪದ್ಧತಿ ಫ್ಯಾಟ್ 32. ಅದರಲ್ಲಿ ಒಂದೊಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಮನೆಯೇನೋ ದೊಡ್ಡದು, ಬಾಗಿಲು ಮಾತ್ರ ಗಿಡ್ಡ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿ, ಫೈಲು ತುಂಬಿ, ರಾತ್ರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಟಿವಿ ಆ ಪೆನ್‌ಡ್ರೈವನ್ನು ಗುರುತೇ ಹಿಡಿಯಲಿಲ್ಲ. ಅದು ಮತ್ತೆ ಬಸ್ ಹತ್ತಿ ವಾಪಸ್ ಬಂತು.

ಎರಡನೇ ಸಲ ಜಾಣತನ ಮಾಡಿದೆ. 399, ಅಂದರೆ 1080ಪಿಯ ಎವಿ 1. ಚಿತ್ರ ಚೆನ್ನಾಗಿ, ಗಾತ್ರ ಚಿಕ್ಕದಾಗಿ, ಎರಡೂವರೆ ಜಿಬಿಯೊಳಗೆ ಮದುವೆ ಮುಗಿಯಿತು. ಪೆನ್‌ಡ್ರೈವ್ ಮತ್ತೆ ಬಸ್ ಹತ್ತಿತು. ಸಂಜೆ ಅಂಗಳದ ಮೂಲೆಯಿಂದ ಫೋನ್. "ಸೌಂಡ್ ಬರ್ತದೆ, ಚಿತ್ರ ಇಲ್ಲ. ರೇಡಿಯೋ ಕಳಿಸಿದ್ಯಾ?" ಎವಿ 1 ಹೊರಬಂದದ್ದು 2018ರಲ್ಲಿ. ಚಿಕ್ಕಪ್ಪನ ಟಿವಿ ಬಂದದ್ದು 2015ರಲ್ಲಿ. ತನಗಿಂತ ಆಮೇಲೆ ಹುಟ್ಟಿದ ಭಾಷೆ ಅದಕ್ಕೆ ಹೇಗೆ ಗೊತ್ತಿರಬೇಕು?

ಇನ್ನು ಬಸ್ಸನ್ನು ನಂಬಿದರೆ ಆಗುವುದಿಲ್ಲ ಎಂದು ಶನಿವಾರ ರಾತ್ರಿ ಲ್ಯಾಪ್‌ಟಾಪ್ ಸಮೇತ ನಾನೇ ಹತ್ತಿದೆ. ಬೆಳಿಗ್ಗೆ ಕಾಫಿ ಕುಡಿದು, ಟಿವಿಯನ್ನು ಸ್ವಲ್ಪ ತಿರುಗಿಸಿ ಹಿಂದಿನ ಸ್ಟಿಕ್ಕರ್ ಓದಿದೆ. 32 ಇಂಚು, ಎಚ್‌ಡಿ ರೆಡಿ, 1366 × 768 ಚುಕ್ಕಿ. ಫೋರ್‌ಕೆ ಅಂದರೆ 3840 × 2160. ಅಲ್ಲಿಗೆ ನಾನು ಎರಡು ವಾರ ಕೊಡದಲ್ಲಿ ಹೊತ್ತ ನೀರನ್ನೆಲ್ಲ ಒಂದು ಲೋಟಕ್ಕೆ ಸುರಿಯಲು ಹೊರಟಿದ್ದೆ! ಆ ಟಿವಿಗೆ 720ಪಿ ಧಾರಾಳವಾಗಿ ಸಾಕು. 720ಪಿ, ಎಚ್ 264, ಎಂಪಿ 4. ಎರಡು ಜಿಬಿ. ಅದನ್ನೂ ಬೆಂಗಳೂರಿನಲ್ಲೇ ಇಳಿಸಿಟ್ಟುಕೊಂಡಿದ್ದೆ. ಚುಚ್ಚಿದೆ. ಗಣಪತಿ ಪೂಜೆ ಬಂತು, ಸದ್ದಿನ ಸಮೇತ ಬಂತು. ಚಿಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂತರು. ಪಕ್ಕದ ಮನೆಯವರೂ ಬಂದರು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ಮುಹೂರ್ತದವರೆಗೆ.

ತಾಳಿ ಕಟ್ಟುವ ಹೊತ್ತು. ಗಟ್ಟಿಮೇಳ. ಮುನ್ನೂರು ಜನ ಒಟ್ಟಿಗೆ ಅಕ್ಷತೆ ಎರಚಿದರು. ಟಿವಿಯಲ್ಲಿ ವಧು, ವರ, ಪುರೋಹಿತರು ಎಲ್ಲ ಸೇರಿ ಚೌಕ ಚೌಕ ಆಗಿಬಿಟ್ಟರು. ಚಿಕ್ಕಪ್ಪ ಎದ್ದರು. ಕನ್ನಡಕ ಹಣೆಗೇರಿತು. ಮೂಗು ಟಿವಿಯ ಹತ್ತಿರ ಹೋಯಿತು. ಮುಂದಿನ ಮಾತು ನಿಮಗೆ ಗೊತ್ತೇ ಇದೆ.

ನಾನೂ ಬಿಡಲಿಲ್ಲ. ಆಫೀಸಿನ ಹುಡುಗನಿಂದ ಕಲಿತದ್ದನ್ನೆಲ್ಲ ಹೇಳಿದೆ. "ನೋಡಿ ಚಿಕ್ಕಪ್ಪ, ವಿಡಿಯೋದಲ್ಲಿ ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿಡಲ್ಲ. ಹಿಂದಿನದಕ್ಕಿಂತ ಏನು ಬದಲಾಯ್ತೋ ಹೆಚ್ಚಾಗಿ ಅಷ್ಟನ್ನೇ ಬರ್ಕೊಳ್ತದೆ. ಪುರೋಹಿತರು ಕೂತಲ್ಲೇ ಮಂತ್ರ ಹೇಳ್ತಿದ್ರೆ ಅದಕ್ಕೆ ಕೆಲಸ ಕಡಿಮೆ. ಅಕ್ಷತೆ ಬಿದ್ರೆ ಸಾವಿರ ಕಾಳು ಒಂದೊಂದೂ ಒಂದೊಂದು ಕಡೆ ಹಾರ್ತದೆ. ಅಷ್ಟನ್ನೂ ಬರ್ಕೊಳ್ಳೋಕೆ ಅದಕ್ಕೆ ಕೊಟ್ಟ ಜಾಗ ಸಾಕಾಗಲ್ಲ. ಅದಕ್ಕೇ ಹೀಗೆ ಒಡೀತದೆ. ಕ್ವಾಲಿಟಿ ತಪ್ಪಲ್ಲ, ಅಕ್ಷತೆ ತಪ್ಪು."

ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು. ಎಲೆಗೆ ಸುಣ್ಣ ಹಚ್ಚಿದರು. ಯೋಚಿಸಿದರು.

"ಹಂಗಾದ್ರೆ ಅಕ್ಷತೆ ಇಲ್ಲದ ಕ್ವಾಲಿಟಿ ಹಾಕು."

ಪಕ್ಕದ ಮನೆಯವರು ಹೌದು ಹೌದು ಎಂದು ತಲೆ ಆಡಿಸಿದರು. ಆ ಪಟ್ಟಿಯಲ್ಲಿ ಅಂಥದ್ದೊಂದು ನಂಬರ್ ಇದೆ, ಸೋಮಾರಿತನಕ್ಕೆ ನಾನೇ ಮುಚ್ಚಿಟ್ಟಿದ್ದೇನೆ ಅನ್ನುವ ಹಾಗೆ ಎಲ್ಲರೂ ನನ್ನನ್ನೇ ನೋಡಿದರು. ಚಿಕ್ಕಪ್ಪ ಆ ಒಂದೂವರೆ ನಿಮಿಷವನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದರು. ನಾಲ್ಕು ಸಲವೂ ಅಕ್ಷತೆ ಬಿತ್ತು. ನಾಲ್ಕು ಸಲವೂ ಕ್ಲಾರಿಟಿ ಹೋಯಿತು. ಐದನೇ ಸಲಕ್ಕೆ ಚಿಕ್ಕಮ್ಮ, "ನೀವು ಅಡ್ಡ ನಿಂತ್ರೆ ನಮಗೆ ಅಕ್ಷತೆಯೂ ಕಾಣಲ್ಲ, ಮಗಳೂ ಕಾಣಲ್ಲ, ಕೂತ್ಕೊಳ್ಳಿ" ಅಂದರು.

ಊಟದ ಪಂಕ್ತಿ ಬಂದಾಗ ಚಿಕ್ಕಪ್ಪ ಯಾಕೋ ಸುಮ್ಮನಾದರು. "ನಿಮ್ಮಪ್ಪ ಇರಬೇಕಿತ್ತು ಬಡಿಸೋಕೆ" ಅಂದರು. ಎದ್ದು ಶೋಕೇಸಿನಿಂದ ಒಂದು ಸಿಡಿ ತಂದರು. ಅವರದೇ ಮದುವೆ, 1992. ಮೊದಲು ಕ್ಯಾಸೆಟ್ ಆಗಿತ್ತು, ಆಮೇಲೆ ಸಿಡಿ ಮಾಡಿಸಿದ್ದು. ನಾವೆಲ್ಲ ಮಕ್ಕಳಿದ್ದಾಗ ಬೇಸಿಗೆ ರಜೆಯಲ್ಲಿ ಅದನ್ನೇ ಹಾಕಿಕೊಂಡು ಕೂರುತ್ತಿದ್ದೆವು. ವಿಸಿಡಿ, ಅಂದರೆ ವಿಡಿಯೋ ಸಿಡಿಯ ಚಿತ್ರ 352 × 288. ಈಗಿನ ಲೆಕ್ಕದಲ್ಲಿ ಗೊರಬಲಿಗಿಂತ ಕಡೆ. ಕೆಂಪು ಸೀರೆಯ ಬಣ್ಣ ಪಕ್ಕದವರ ಮೈಮೇಲೂ ಹರಿದಿರುತ್ತಿತ್ತು. ಅದರಲ್ಲಿ ಕಂಬದ ಹಿಂದಿನಿಂದ ಒಂದು ಬಿಳಿ ಚುಕ್ಕಿ ಹೋಳಿಗೆ ಪಾತ್ರೆ ಹಿಡಿದು ಹಾದು ಹೋಗುತ್ತಿತ್ತು. ಮುಖ ಇಲ್ಲ, ಮೂಗಿಲ್ಲ. "ಅಣ್ಣ!" ಎಂದು ಚಿಕ್ಕಪ್ಪ ಕೂತಲ್ಲಿಂದಲೇ ಹೇಳುತ್ತಿದ್ದರು, ಬರೀ ನಡಿಗೆ ನೋಡಿ. ಆ ಸಿಡಿಗೆ ಕ್ಲಾರಿಟಿ ಇಲ್ಲ ಎಂದು ಅವರು ಹೇಳಿದ್ದು ನನಗಂತೂ ನೆನಪಿಲ್ಲ. ಅಪ್ಪ ಹೋಗಿ ಎಂಟು ವರ್ಷವಾಯಿತು.

"ಇದನ್ನೂ ಪೆನ್‌ಡ್ರೈವಿಗೆ ಹಾಕು. ಜಾಗ ಇದೆಯಲ್ಲ? ಫೋರ್‌ಕೆನಲ್ಲೇ ಹಾಕು."

"ಇಲ್ಲದ ಕ್ಲಾರಿಟಿ ಬರಿಸೋಕಾಗಲ್ಲ ಚಿಕ್ಕಪ್ಪ."

"ಕೇಳಿ ನೋಡು. ಬೆಂಗಳೂರಲ್ಲಿ ಯಾರಿಗಾದ್ರೂ ಗೊತ್ತಿರ್ತದೆ."

ಸಿಡಿ ಹಿಡಿದು ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿದೆ. ಅದಕ್ಕೆ ಸಿಡಿ ಹಾಕುವ ಬಾಯಿಯೇ ಇಲ್ಲ. ಈಗ ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಒಂದು ಸಿಡಿ ಡ್ರೈವ್ ಹುಡುಕಬೇಕು. ಚಿಕ್ಕಪ್ಪ ಎರಡು ದಿನದಿಂದ ಸಂಜೆಯಾದರೆ ಅಂಗಳದ ಮೂಲೆಗೆ ಬಂದು ಆಯ್ತಾ ಎಂದು ಫೋನ್ ಮಾಡುತ್ತಿದ್ದಾರೆ. ಅಲ್ಲಿ ಮಳೆ ಬೇರೆ, ಅರ್ಧ ಮಾತು ಕೇಳಿಸುತ್ತದೆ, ಅರ್ಧ ಇಲ್ಲ. ನಿನ್ನೆ ಧೈರ್ಯ ಮಾಡಿ ಹೇಳಿಯೇಬಿಟ್ಟೆ, "ಚಿಕ್ಕಪ್ಪ, ನಿಮ್ಮ ಮಾತಿಗೆ ಕ್ಲಾರಿಟಿ ಇಲ್ಲ" ಅಂತ.

ಅವರಿಗೆ ಕೇಳಿಸಲಿಲ್ಲ ಅನಿಸುತ್ತದೆ.