ಕನಿಷ್ಠ ಒಬ್ಬರು

ಅಗ್ಗದ ವಿಮಾನ ಟಿಕೆಟ್ ಅಂದರೆ ಬರೀ ಹತ್ತುವುದಕ್ಕೆ ದುಡ್ಡು. ಕೂರುವುದಕ್ಕೆ ಬೇರೆ. ಕಿಟಕಿಗೊಂದು ರೇಟು, ಕಾಲು ಚಾಚಲು ಇನ್ನೊಂದು ರೇಟು. ಕೊಡದಿದ್ದರೆ ಕಂಪ್ಯೂಟರ್ ಕೊಟ್ಟಿದ್ದೇ ಪ್ರಸಾದ.

ಆ ಪ್ರಸಾದದಲ್ಲಿ ಮಗು ಒಂದು ಕಡೆ, ಅಪ್ಪ ಅಮ್ಮ ಇನ್ನೊಂದು ಕಡೆ ಆಗುವುದೂ ಇತ್ತು. ಹಾಗಾಗಿ 2024ರ ಏಪ್ರಿಲ್‌ನಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ವಿಮಾನ ಕಂಪನಿಗಳಿಗೆ ಸೂಚನೆ ಹೊರಡಿಸಿತು. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿರುವ ಹೆತ್ತವರು ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಲೇಬೇಕು.

ಆ ಒಬ್ಬರು ಅಪ್ಪನೋ ಅಮ್ಮನೋ ಅಂತ ಸರ್ಕಾರ ತಲೆ ಹಾಕಲಿಲ್ಲ. ಜಾಣರು. ನಮ್ಮ ಮನೆಯಲ್ಲಂತೂ ಅದು ಚರ್ಚೆಗೇ ಬಂದಿರಲಿಲ್ಲ. ನಾನೇ ಅಲ್ವಾ!

ಈ ಸಲ ಬೆಂಗಳೂರಿಂದ ದೆಹಲಿಗೆ ಹೋಗುವಾಗ ಇವರು ಕ್ರೆಡಿಟ್ ಕಾರ್ಡಿನ ಆಫರ್‌ಗೆ ಆಸೆಪಟ್ಟರು. ಎರಡೆರಡು ಟಿಕೆಟ್ ಬೇರೆ ಬೇರೆ ಬುಕ್ ಮಾಡಿದರೆ ಎರಡು ಸಲ ರಿಯಾಯಿತಿ. ಒಂದು ಪಿಎನ್‌ಆರ್‌ನಲ್ಲಿ ಇವರು ಮತ್ತು ನಾಲ್ಕು ವರ್ಷದ ಮಗ. ಇನ್ನೊಂದರಲ್ಲಿ ಅತ್ತೆ, ನಾನು. ಕಂಪ್ಯೂಟರ್ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ಅಪ್ಪ, ಮಗ 9ನೇ ಸಾಲು. ಅತ್ತೆ 17. ನಾನು 27, ನಡುವಿನ ಸೀಟು.

"ನೀನು ಇಲ್ಲಿಗೆ ಬರ್ತೀಯಾ?" ಅಂದರು, ಸಣ್ಣ ದನಿಯಲ್ಲಿ.

"ರೂಲ್ಸು ರೂಲ್ಸೇ ರೀ" ಅಂದೆ.

ನಡುವಿನ ಸೀಟನ್ನು ಜನ ಸುಮ್ನೆ ಬೈಯುತ್ತಾರೆ. ಎರಡೂ ಕಡೆ ಅಪರಿಚಿತರು. ಯಾರೂ ಅಮ್ಮಾ ಅನ್ನುವುದಿಲ್ಲ, ಉಚ್ಚೆ ಬಂತು ಅನ್ನುವುದಿಲ್ಲ. ವಿಮಾನ ಮೇಲೇಳುವ ಮುಂಚೆಯೇ ನಾನು ನಿದ್ದೆಗೆ ಜಾರಿದ್ದೆ.

ಆದರೆ ಮಗನ ಚೀಲ ಅಭ್ಯಾಸಬಲದಿಂದ ನನ್ನ ಹೆಗಲೇರಿಯೇ ಬಂದಿತ್ತು. ಕೈಲಗೇಜಿಗೆ ಬಿಡುವ 7 ಕೆಜಿಯಲ್ಲಿ ಬಹುಪಾಲು ಅವನದ್ದೇ. ಗಗನಸಖಿ ಬಂದು ಎಬ್ಬಿಸಿದಳು. "ಮೇಡಂ, 9ನೇ ಸಾಲಿನ ಸರ್ ಚಕ್ಕುಲಿ ಡಬ್ಬಿ ಕೇಳ್ತಿದ್ದಾರೆ." ಕೊಟ್ಟೆ. ಆಮೇಲೆ ಟಿಶ್ಯೂ. ಆಮೇಲೆ ಬಣ್ಣದ ಪೆನ್ಸಿಲ್. ಚಡ್ಡಿ ಬೇಕಾಗುವ ಹೊತ್ತಿಗೆ ಸೀಟ್‌ಬೆಲ್ಟ್ ದೀಪ ಹತ್ತಿ ಆಕೆಯೂ ಕೂತುಬಿಟ್ಟಿದ್ದಳು. ಸುದ್ದಿ ಸಾಲಿಂದ ಸಾಲಿಗೆ ಬಾಯಿಂದ ಬಾಯಿಗೆ ಬಂತು. ಚಡ್ಡಿಯೂ ಹಾಗೇ ಕೈಯಿಂದ ಕೈಗೆ ಹೊರಟಿತು.

17ರಲ್ಲಿ ನಿಂತಿತು. ಅಷ್ಟರಲ್ಲಿ ಅಕ್ಕಪಕ್ಕದವರ ಊರು, ಗೋತ್ರ, ಮಕ್ಕಳ ಸಂಬಳ ಎಲ್ಲ ತಿಳಿದುಕೊಂಡಿದ್ದ ಅತ್ತೆ ಅದನ್ನು ಬಿಡಿಸಿ, ಎತ್ತಿ ಹಿಡಿದು ನೋಡಿದರು.

"ಇದು ಸೊಂಟಕ್ಕೆ ಬಿಗಿ. ನೀಲಿದು ಕಳಿಸೋಕೆ ಹೇಳಿ" ಅಂತ ವಾಪಸ್ ಕಳಿಸಿದರು.