ಸತ್ಯಾಂಶ: 1924ರ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್‌ಗೆ ಪದಕ ಇತ್ತೇ?

1924ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದಲೇ ವಾಲಿಬಾಲ್ ಪದಕದ ಆಟ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅದು ತಪ್ಪು. ಪ್ಯಾರಿಸ್‌ನಲ್ಲಿ ನಡೆದದ್ದು ಅಮೆರಿಕದ ಆಟಗಳ ಪ್ರದರ್ಶನದ ಭಾಗ. ಪದಕ ಸ್ಪರ್ಧೆ ಶುರುವಾದದ್ದು 1964ರಲ್ಲಿ, ಟೋಕಿಯೊದಲ್ಲಿ: ಪುರುಷರ 10 ತಂಡ, ಮಹಿಳೆಯರ 6 ತಂಡ. ಚಿನ್ನ ಸೋವಿಯತ್ ಪುರುಷರಿಗೆ, ಜಪಾನಿನ ಮಹಿಳೆಯರಿಗೆ.

ನಿಜವಾದ ಹಳೆಯ ಕಥೆ ಏಷ್ಯಾದ್ದು, ಅದೇ ಹೆಚ್ಚು ಸೊಗಸು. 1913ರಲ್ಲೇ ಮನಿಲಾದ ದೂರಪ್ರಾಚ್ಯ ಕ್ರೀಡಾಕೂಟದಲ್ಲಿ ವಾಲಿಬಾಲ್ ಸ್ಪರ್ಧೆಯಿತ್ತು; ನೆಟ್‌ನ ಒಂದೊಂದು ಬದಿಗೆ 16 ಆಟಗಾರರು! ಏಷ್ಯನ್ ಕ್ರೀಡಾಕೂಟಕ್ಕೆ ಅದು ಬಂದದ್ದು 1958ರಲ್ಲಿ. 1951ರ ದೆಹಲಿ ಕೂಟದಲ್ಲಿ ಇರಲಿಲ್ಲ.

ನೀವೇ ಪರಿಶೀಲಿಸಬಹುದು. ಆಯಾ ವರ್ಷದ ಪದಕಪಟ್ಟಿ ತೆರೆದು, ಆ ಆಟದಲ್ಲಿ ಚಿನ್ನ, ಬೆಳ್ಳಿ, ಕಂಚು ಗೆದ್ದ ತಂಡಗಳ ಹೆಸರಿದೆಯೇ ನೋಡಿ. ‘ಪ್ರದರ್ಶನ’ ಎಂದಷ್ಟೇ ಇದ್ದರೆ ಅದು ಪದಕದ ಆಟವಲ್ಲ.