ಡ್ರ್ಯಾಗನ್ ಬಾಲ್ ಫೈಟರ್‌ಝ್‌ಗೆ ಸಿಕ್ಕ 87 ಅಂಕ, ಆಮೇಲಿನ ಆರು ವರ್ಷ

2018ರ ಜನವರಿಯಲ್ಲಿ ಡ್ರ್ಯಾಗನ್ ಬಾಲ್ ಫೈಟರ್‌ಝ್ ಬಂದಾಗ ವಿಮರ್ಶಕರ ಅಂಕಗಳ ಸರಾಸರಿ ಕೊಡುವ ಮೆಟಾಕ್ರಿಟಿಕ್ ತಾಣದಲ್ಲಿ ಪಿಎಸ್4 (ಪ್ಲೇಸ್ಟೇಷನ್ 4) ಆವೃತ್ತಿಗೆ ನೂರಕ್ಕೆ 87 ಅಂಕ ಬಿತ್ತು. ಅನಿಮೆ ಆಧರಿಸಿದ ಫೈಟಿಂಗ್ ಗೇಮ್‌ಗೆ ಇಷ್ಟು ಸಿಗುವುದು ಅಪರೂಪ. ಇದರ ಪ್ರಕಾಶಕ ಬಂದೈ ನಾಮ್ಕೊ ಮರುವರ್ಷ ಹೊರತಂದ ಜಂಪ್ ಫೋರ್ಸ್ 60ನ್ನೂ ಮುಟ್ಟಲಿಲ್ಲ. ಫೈಟರ್‌ಝ್ ಆ ಅಂಕಕ್ಕೆ ಯೋಗ್ಯವೇ. ಆದರೆ ವಿಮರ್ಶಕರು ನೋಡಿದ್ದು ಮೊದಲ ವಾರದ ಆಟವನ್ನು. ಇಂಥ ಗೇಮ್ ವರ್ಷಗಟ್ಟಲೆ ಬದುಕುವುದು ಆನ್‌ಲೈನ್‌ನಲ್ಲಿ, ಅಲ್ಲಿನ ದೊಡ್ಡ ಕೊರತೆ ಆಗ ಯಾರ ಅಂಕದಲ್ಲೂ ಸರಿಯಾಗಿ ಕಾಣಲಿಲ್ಲ.

ಹೊಗಳಿಕೆಯ ಬಹುಪಾಲು ಹೋಗಿದ್ದು ಚಿತ್ರಕ್ಕೆ, ನ್ಯಾಯವಾಗಿಯೇ. ನೋಡಲು ಕೈಯಲ್ಲಿ ಬರೆದ ಹಾಗಿದ್ದರೂ ಎಲ್ಲವೂ ಅನ್‌ರಿಯಲ್ ಎಂಜಿನ್ 4ರ 3ಡಿ ಮಾಡೆಲ್. ಗಿಲ್ಟಿ ಗಿಯರ್ ಎಂಬ ಫೈಟಿಂಗ್ ಗೇಮ್ ಸರಣಿಯಲ್ಲಿ ಪಳಗಿದ, ಇದನ್ನು ರೂಪಿಸಿದ ಆರ್ಕ್ ಸಿಸ್ಟಮ್ ವರ್ಕ್ಸ್ ತಂಡ ಒಂದು ಭಂಗಿಯಿಂದ ಇನ್ನೊಂದಕ್ಕೆ ಕಂಪ್ಯೂಟರ್ ತುಂಬಿಸುವ ನಡುವಿನ ಚಲನೆಯನ್ನೇ ತೆಗೆದುಹಾಕುತ್ತದೆ. ಪ್ರತಿ ಭಂಗಿ ಕೆಲವು ಫ್ರೇಮ್ ಹಾಗೇ ನಿಂತು, ಥಟ್ಟನೆ ಮುಂದಿನದಕ್ಕೆ ಹಾರುತ್ತದೆ, ಟಿವಿಯ ಅನಿಮೆಯಂತೆಯೇ. ನೆರಳು ಚಿತ್ರಕಾರ ಎಳೆದ ಜಾಗದಲ್ಲೇ ಬೀಳಲೆಂದು ಮಾಡೆಲ್‌ನ ಮೇಲ್ಮೈಯನ್ನು ಕೈಯಾರೆ ತಿದ್ದಿದ್ದಾರೆ. ಜಂಪ್ ಫೋರ್ಸ್ ಡ್ರ್ಯಾಗನ್ ಬಾಲ್‌ನ ನಾಯಕ ಗೊಕುವಿಗೆ ನಿಜಮನುಷ್ಯನ ಚರ್ಮ, ಬಟ್ಟೆಯ ಹೊಳಪು ಕೊಡಲು ಹೋಗಿ ಪ್ಲಾಸ್ಟಿಕ್ ಗೊಂಬೆ ಮಾಡಿಟ್ಟಿತು.

ಕೈಗೆ ಸುಲಭ ಎಂಬ ಮಾತೂ ನಿಜ. ಲೈಟ್ (ಹಗುರ ಏಟಿನ) ಬಟನ್ ಒತ್ತುತ್ತಾ ಹೋದರೆ ಕಾಂಬೊ (ಏಟುಗಳ ಸರಣಿ) ತಾನಾಗಿ ಬರುತ್ತದೆ, ಸೂಪರ್ ಡ್ಯಾಶ್ ಎದುರಾಳಿಯನ್ನು ತಾನೇ ಹುಡುಕಿಕೊಂಡು ಹಾರುತ್ತದೆ. ಹೊಸಬರು ಸೋಲುವುದೂ ಅಲ್ಲೇ. ಬರೀ ಸೂಪರ್ ಡ್ಯಾಶ್ ಬಳಸುವವರ ಎದುರು ಕೆಳಗೆ + ಹೆವಿ (ಬಲವಾದ ಏಟಿನ ಬಟನ್) ಒತ್ತಿ. ಆ ಏಟಿಗೆ ಮೇಲಿಂದ ಬರುವ ದಾಳಿ ತಾಕುವುದಿಲ್ಲ, ಹಾರಿಬಂದವನೇ ಗಾಳಿಗೆ ಚಿಮ್ಮುತ್ತಾನೆ. ವಿಶೇಷ ಏಟುಗಳಿಗೆ ಬೇಕಾದ ಶಕ್ತಿ ತುಂಬುವ 7 ಬಾರ್‌ಗಳ ಮೀಟರ್‌ನಲ್ಲಿ ಒಂದೊಂದನ್ನೂ ವ್ಯಾನಿಷ್‌ಗೆ (ಮಾಯವಾಗಿ ಎದುರಾಳಿಯ ಹಿಂದೆ ಬಂದು ಹೊಡೆಯುವ ಏಟು) ಸುರಿದರೆ ಕೊನೆಗೆ ಸೂಪರ್ ಎಂಬ ದೊಡ್ಡ ದಾಳಿಗೆ ಏನೂ ಉಳಿಯದು.

ಸ್ಟೋರಿ ಮೋಡ್ ಬಗ್ಗೆ ಬಂದ ದೂರು ಸರಿಯಾಗಿತ್ತು: ಮೂರು ಭಾಗಗಳಲ್ಲೂ ಅವೇ ಕ್ಲೋನ್‌ಗಳು, ಅದೇ ಸುಲಭದ ಹೊಡೆದಾಟ.

ಈಗ ನೆಟ್‌ಕೋಡ್, ಅಂದರೆ ಆನ್‌ಲೈನ್‌ನಲ್ಲಿ ಇಬ್ಬರ ಆಟವನ್ನು ಜೋಡಿಸುವ ವ್ಯವಸ್ಥೆ. ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್, ಅಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಪಿಂಗ್ (ಸುದ್ದಿ ಹೋಗಿ ಮರಳಲು ಹಿಡಿಯುವ ಸಮಯ) 100 ಮಿಲಿಸೆಕೆಂಡ್ ಇದ್ದರೆ ನಿಮ್ಮ ಬಟನ್ ಸುದ್ದಿ ಆ ಕಡೆ ತಲುಪಲು ಸುಮಾರು 50 ಮಿಲಿಸೆಕೆಂಡ್, ಅಂದರೆ 3 ಫ್ರೇಮ್. ಡಿಲೇ ಪದ್ಧತಿಯಲ್ಲಿ ಆ ಸುದ್ದಿ ಬರಲು ಬೇಕಾದಷ್ಟು ಫ್ರೇಮ್ ಇಬ್ಬರ ಬಟನ್ ಒತ್ತುವಿಕೆಯನ್ನೂ ತಡೆಹಿಡಿದು, ಆಮೇಲಷ್ಟೇ ಆಟದಲ್ಲಿ ತೋರಿಸಲಾಗುತ್ತದೆ. ಪಿಂಗ್ ಏರಿಳಿದರಂತೂ ಆಟವೇ ಮುಗ್ಗರಿಸುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಿದ ಕಾಂಬೊ ಆನ್‌ಲೈನ್‌ನಲ್ಲಿ ಕೈತಪ್ಪುವುದು ಇದರಿಂದಲೇ. ರೋಲ್‌ಬ್ಯಾಕ್ ಪದ್ಧತಿ ಕಾಯುವುದಿಲ್ಲ. ಎದುರಾಳಿ ಏನು ಒತ್ತಿದ್ದಾನೆಂದು ಊಹಿಸಿ ಮುಂದೆ ಹೋಗುತ್ತದೆ, ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಸರಿದು ಲೆಕ್ಕ ತಿದ್ದಿಕೊಳ್ಳುತ್ತದೆ.

ಫೈಟರ್‌ಝ್ ಹುಟ್ಟಿದ್ದು ಡಿಲೇ ಪದ್ಧತಿಯಲ್ಲಿ. ಫೈಟಿಂಗ್ ಗೇಮ್‌ಗಳ ದೊಡ್ಡ ಟೂರ್ನಿ ಇವೋದ 2018ರ ಫೈನಲ್‌ನಲ್ಲಿ ಆಟಗಾರರಾದ ಸಾನಿಕ್‌ಫಾಕ್ಸ್ ಮತ್ತು ಗೋಇಚಿ ಆಡಿದ ಆಟ ಅಷ್ಟು ಸೊಗಸಾಗಿ ಕಂಡದ್ದು ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತಿದ್ದರಿಂದ. 2020ರಲ್ಲಿ ಟೂರ್ನಿಗಳೆಲ್ಲ ಆನ್‌ಲೈನ್‌ಗೆ ಸರಿದಾಗ ಈ ಆಟ ಎಷ್ಟು ಬಡವಾಯಿತು ಎಂಬುದು ಆಡುವವರೆಲ್ಲರಿಗೂ ಗೊತ್ತು. ರೋಲ್‌ಬ್ಯಾಕ್ ಬಂದದ್ದು 2024ರ ಫೆಬ್ರುವರಿಯಲ್ಲಿ, ಅದೂ ಪಿಸಿ, ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಪಿಎಸ್4, ಸ್ವಿಚ್‌ನವರು ಹಳೆಯದರಲ್ಲೇ ಉಳಿದರು. 87 ಪಡೆದ ಆವೃತ್ತಿಯೇ ಹಿಂದೆ ಬಿದ್ದದ್ದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈಗ ಕೊಳ್ಳುವವರು ರೋಲ್‌ಬ್ಯಾಕ್ ಇರುವ ಆ ಮೂರು ಆವೃತ್ತಿಗಳಲ್ಲಿ ಒಂದನ್ನೇ ಕೊಳ್ಳಿ. ಪಿಎಸ್5 ಇದ್ದರೆ ಡೌನ್‌ಲೋಡ್ ಆಗಿರುವುದು ಪಿಎಸ್5 ಆವೃತ್ತಿಯೇ ಎಂದು ನೋಡಿಕೊಳ್ಳಿ, ಪಿಎಸ್4 ಆವೃತ್ತಿಯೂ ಅದರಲ್ಲಿ ಓಡುತ್ತದೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ, ಯಾಕೆಂದರೆ ಪಿಂಗ್ ಕುಣಿದರೆ ರೋಲ್‌ಬ್ಯಾಕ್‌ನಲ್ಲೂ ಎದುರಾಳಿ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಕಾಣಿಸಿಕೊಳ್ಳುತ್ತಾನೆ.